ಮುಧೋಳ ನಾಯಿಯ ಬಾಲದ ಗಾಯ: ತುದಿಯಷ್ಟೇ ತೆಗೆದರೆ ಸಾಲದೇ?

ಪ್ರಶ್ನೆ:
ನಮ್ಮ ಮೂರು ವರ್ಷದ ಮುಧೋಳ ನಾಯಿ ಮನೆಯವರನ್ನು ಕಂಡಾಗಲೆಲ್ಲ ಬಾಲವನ್ನು ಗೋಡೆಗೆ ಬಡಿಯುತ್ತದೆ. ತುದಿ ಒಡೆದು ಆರು ವಾರಗಳಾದರೂ ಗಾಯ ಮಾಯುತ್ತಿಲ್ಲ. ಕಟ್ಟಿದ ಪಟ್ಟಿ ಎರಡು ದಿನವೂ ನಿಲ್ಲುವುದಿಲ್ಲ. ಈಗ ತುದಿಯ ಚರ್ಮ ಕಪ್ಪಾಗಿದೆ. ಪಶುವೈದ್ಯರು ಅರ್ಧ ಬಾಲ ತೆಗೆಯಬೇಕೆನ್ನುತ್ತಾರೆ. ಅಷ್ಟೊಂದು ತೆಗೆಯಲು ಮನಸ್ಸು ಒಪ್ಪುತ್ತಿಲ್ಲ. ಕೊನೆಯ ಎರಡು ಅಂಗುಲ ತೆಗೆದರೆ ಸಾಲದೇ?

ಉತ್ತರ 1 (ಪಶುವೈದ್ಯ):
ಕಪ್ಪಾದ ಚರ್ಮದಲ್ಲಿ ರಕ್ತಸಂಚಾರ ನಿಂತಿರುತ್ತದೆ, ಅದು ಇನ್ನು ಕೂಡಿಕೊಳ್ಳುವುದಿಲ್ಲ. ತುದಿಯತ್ತ ಹೋದಂತೆ ಚರ್ಮ ಮೂಳೆಯ ಮೇಲೆ ಬಿಗಿಯಾಗಿ ಕೂತಿರುವುದರಿಂದ, ಗಾಯದ ಅಂಚಿನಲ್ಲೇ ಕತ್ತರಿಸಿದರೆ ಹೊಲಿಗೆ ಎಳೆತಕ್ಕೆ ಸಿಕ್ಕಿ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಕನಿಷ್ಠ ಎರಡು ಮೂರು ಸೆಂ.ಮೀ. ಮೇಲೆ, ಆರೋಗ್ಯವಾಗಿರುವ ಭಾಗಕ್ಕೆ ಹೋಗುತ್ತೇವೆ. ಅರಿವಳಿಕೆ ಕೊಟ್ಟು, ಬಾಲದ ಬುಡಕ್ಕೆ ಬಿಗಿಪಟ್ಟಿ ಕಟ್ಟಿ, ಮೂಳೆಯನ್ನು ಬಿಡಿಸುವ ಜಾಗಕ್ಕಿಂತ ತುದಿಯ ಕಡೆಗೇ ಚರ್ಮವನ್ನು ಕೊಯ್ದು, ಮೇಲೊಂದು ಕೆಳಗೊಂದು ಚರ್ಮದ ಎಸಳು ಉಳಿಸಿಕೊಳ್ಳುತ್ತೇವೆ. ರಕ್ತನಾಳಗಳನ್ನು ಕಟ್ಟಿ, ಎರಡು ಕಶೇರುಗಳ (ಬಾಲದ ಮೂಳೆಯ ಮಣಿಗಳ) ನಡುವಿನ ಕೀಲಿನಲ್ಲಿ ಬಿಡಿಸಿದ ಮೇಲೆ ಆ ಎಸಳುಗಳು ಮೂಳೆಯ ತುದಿಯನ್ನು ಸಡಿಲವಾಗಿ ಮುಚ್ಚಬೇಕು. ನಿಮ್ಮ ವೈದ್ಯರು ಅರ್ಧ ಎಂದಿರುವುದಕ್ಕೆ ಇನ್ನೊಂದು ಕಾರಣವೂ ಇರಬೇಕು: ಉಳಿದ ಬಾಲ ಉದ್ದವಾಗಿದ್ದರೆ ಅದೇ ಗೋಡೆಗೆ ಮತ್ತೆ ಬಡಿಯುತ್ತದೆ.

ಉತ್ತರ 2:
ನಮ್ಮ ಲ್ಯಾಬ್ರಡಾರ್‌ಗೆ ನಾವು ಹಟ ಹಿಡಿದು ತುದಿಯನ್ನಷ್ಟೇ ತೆಗೆಸಿದೆವು. ಒಂಬತ್ತನೆಯ ದಿನ ಹೊಲಿಗೆ ಬಿಚ್ಚಿತು, ಮತ್ತೊಮ್ಮೆ ಅರಿವಳಿಕೆ ಕೊಡಿಸಬೇಕಾಯಿತು. ಆ ನೋವನ್ನು ಅದಕ್ಕೆ ಎರಡು ಸಲ ಉಣಿಸಿದ ಸಂಕಟ ಇನ್ನೂ ಇದೆ. ಎರಡನೆಯ ಸಲ ವೈದ್ಯರು ಹೊಲಿಗೆ ತೆಗೆಯುವವರೆಗೆ, ಅಂದರೆ ಎರಡು ವಾರ, ಗಾಯ ನೆಕ್ಕದಂತೆ ಹಾಕುವ ಕೊರಳಿನ ಕೋನ್ ಒಂದು ಗಳಿಗೆಯೂ ತೆಗೆಯಲಿಲ್ಲ. ಮನುಷ್ಯರು ನುಂಗುವ ನೋವಿನ ಮಾತ್ರೆಗಳನ್ನಂತೂ ಕೊಡಬೇಡಿ. ಐಬುಪ್ರೊಫೇನ್ ನಾಯಿಗಳಿಗೆ ವಿಷ.

ಉತ್ತರ 3 (ಪಶುವೈದ್ಯ):
ಇದನ್ನು ಓದುವ ಇತರರಿಗಾಗಿ ಒಂದು ಮಾತು. ವಾಹನ ಹರಿದು ಅಥವಾ ಯಾರೋ ಎಳೆದು ಬಾಲದ ಬುಡಕ್ಕೇ ಪೆಟ್ಟಾಗಿ ಬಾಲ ಜೋತುಬಿದ್ದಿದ್ದರೆ ಅದು ಬೇರೆಯೇ ಸಂಗತಿ. ಅಲ್ಲಿ ಮೂತ್ರ ಮತ್ತು ಮಲದ ಹಿಡಿತಕ್ಕೆ ಸಂಬಂಧಿಸಿದ ನರಗಳಿಗೂ ಪೆಟ್ಟಾಗಿರಬಹುದು. ನಾಯಿ ಮೂತ್ರ ಮಾಡುತ್ತಿದೆಯೇ ಎಂಬುದನ್ನು ಮೊದಲು ಗಮನಿಸಿ ಅಂದೇ ಎಕ್ಸ್‌ರೇ ಮಾಡಿಸಬೇಕು.

ಪ್ರಶ್ನೆ ಕೇಳಿದವರು:
ಗುರುವಾರಕ್ಕೆ ಶಸ್ತ್ರಚಿಕಿತ್ಸೆ ಗೊತ್ತುಮಾಡಿದ್ದೇವೆ. ಎಲ್ಲಿ ಕತ್ತರಿಸಬೇಕೆಂಬುದನ್ನು ವೈದ್ಯರಿಗೇ ಬಿಟ್ಟಿದ್ದೇವೆ.