ಮೊದಲ ಬಾರಿಗೆ ಹಳೆಯ ಮೋಟರ್‌ಹೋಮ್ ಕೊಳ್ಳಲು ಹೊರಟಿದ್ದೇವೆ: ಮುಂಗಡ ಕೊಡುವ ಮುನ್ನ ಏನೇನು ನೋಡಬೇಕು?

ಕುವೆಂಪುನಗರವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನ ಕುವೆಂಪುನಗರದವರು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನು ಕಳೆದ ವರ್ಷ ನಿವೃತ್ತನಾದೆ. ನಮ್ಮ ತಾಯಿಯವರಿಗೆ ಈಗ 79 ವರ್ಷ. ಉಡುಪಿ, ಹೊರನಾಡು, ಸಾಧ್ಯವಾದರೆ ಪಂಢರಪುರವನ್ನೂ ಒಮ್ಮೆ ನೋಡಬೇಕೆಂಬುದು ಅವರ ಬಹು ದಿನಗಳ ಆಸೆ. ಆದರೆ ಮೊಣಕಾಲು ನೋವಿನಿಂದಾಗಿ ನೆಲಮಟ್ಟದ ಶೌಚಾಲಯದಲ್ಲಿ ಕುಳಿತು ಏಳಲು ಅವರಿಗೆ ಆಗುವುದಿಲ್ಲ. ದಾರಿಯಲ್ಲಿ ಎಲ್ಲಿ ಏನು ಸಿಕ್ಕೀತೋ ಎಂಬ ಆತಂಕದಿಂದ ನೀರನ್ನೇ ಕುಡಿಯದೆ ಪ್ರಯಾಣ ಮಾಡಿ, ಹಿಂದಿನ ಸಲ ಊರಿಗೆ ಬಂದ ಮೇಲೆ ಎರಡು ದಿನ ಮಲಗಿಬಿಟ್ಟರು. ಆ ಕಾರಣಕ್ಕೇ ಹಾಸಿಗೆ, ಸಣ್ಣ ಅಡುಗೆಮನೆ ಮತ್ತು ಶೌಚಾಲಯ ಇರುವ ಒಂದು ಹಳೆಯ ಮೋಟರ್‌ಹೋಮ್ ಕೊಳ್ಳಲು ನಾನು ಮತ್ತು ನನ್ನ ಪತ್ನಿ ನಿಶ್ಚಯಿಸಿದ್ದೇವೆ.

ಸದ್ಯ ಎರಡು ವಾಹನಗಳು ನಮ್ಮ ಗಮನಕ್ಕೆ ಬಂದಿವೆ. ಮೊದಲನೆಯದು ಬೆಂಗಳೂರಿನಲ್ಲಿದೆ. ಅದು 2016ರ ಟೆಂಪೋ ಟ್ರಾವೆಲರ್. ಮಾಲೀಕರು ಆಸನಗಳನ್ನು ತೆಗೆಸಿ, ಬಡಗಿಗಳಿಂದ ಒಳಗಿನ ಕೆಲಸವೆಲ್ಲವನ್ನೂ ಮಾಡಿಸಿದ್ದಾರೆ. ಆರ್‌ಸಿಯಲ್ಲಿ ಇಂದಿಗೂ ‘ಓಮ್ನಿ ಬಸ್, ಖಾಸಗಿ ಬಳಕೆ’ ಎಂದೂ 13 ಆಸನಗಳೆಂದೂ ಇದೆ. ಬೆಲೆ 14 ಲಕ್ಷ ರೂಪಾಯಿ. ಎರಡನೆಯದು ಪುಣೆಯಲ್ಲಿರುವ, ಮಹಾರಾಷ್ಟ್ರದಲ್ಲಿ ನೋಂದಣಿಯಾದ 2019ರ ವಾಹನ. ಅದರ ಆರ್‌ಸಿಯಲ್ಲಿಯೇ ‘ಮೋಟರ್ ಕ್ಯಾರವಾನ್’ ಎಂದಿದೆ. ಬೆಲೆ ಇಪ್ಪತ್ತೆರಡೂವರೆ ಲಕ್ಷ. ಬೆಂಗಳೂರಿನವರು ಈ ಭಾನುವಾರದೊಳಗೆ 50,000 ರೂಪಾಯಿ ಮುಂಗಡ ಕೇಳುತ್ತಿದ್ದಾರೆ. ಎಂಟೂವರೆ ಲಕ್ಷದ ವ್ಯತ್ಯಾಸ ನಮ್ಮಂಥವರಿಗೆ ಸಣ್ಣದಲ್ಲ. ನನ್ನ ಬಳಿ ಇರುವುದು ಕಾರು ಓಡಿಸುವ ಲೈಸೆನ್ಸ್ ಮಾತ್ರ, ಅದು ಸಾಕೇ? ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಯಾದವಗಿರಿಯ ಪಯಣಿಗ

ಸರ್, ಭಾನುವಾರದ ಗಡುವನ್ನು ಮರೆತುಬಿಡಿ. ಕಾಗದಪತ್ರ ನೋಡುವ ಮೊದಲು ಮುಂಗಡ ಕೊಟ್ಟು ಕೆಟ್ಟವನು ನಾನು. ಆ ತಪ್ಪು ತಮ್ಮಿಂದ ಆಗಬಾರದೆಂದು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಲೈಸೆನ್ಸಿನ ವಿಷಯ. ಲಘು ಮೋಟಾರು ವಾಹನದ ಲೈಸೆನ್ಸ್ ಒಟ್ಟು ತೂಕ 7,500 ಕೆ.ಜಿ. ಮೀರದ ವಾಹನಗಳಿಗೆ ಸಲ್ಲುತ್ತದೆ. ಟ್ರಾವೆಲರ್ ಗಾತ್ರದ ವಾಹನ ಆ ಮಿತಿಯ ಒಳಗೇ ಇರುವುದರಿಂದ, ಸ್ವಂತ ಬಳಕೆಗೆ ತಮ್ಮ ಲೈಸೆನ್ಸ್ ಸಾಕು.

ನಿಜವಾದ ತೊಡಕು ಇರುವುದು ಆರ್‌ಸಿಯಲ್ಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಗಳಿಗೂ ವಾಹನದ ಈಗಿನ ರೂಪಕ್ಕೂ ಹೊಂದಾಣಿಕೆ ತಪ್ಪುವಂತೆ ಮಾಲೀಕರು ತಮ್ಮಿಷ್ಟದಂತೆ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಮೋಟರ್ ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದ್ದು, ಪುಣೆಯ ಎಆರ್‌ಎಐನಂತಹ ವಾಹನ ಪರೀಕ್ಷಾ ಸಂಸ್ಥೆಗಳು ಮಾದರಿಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತವೆ. ಹಾಗಾಗಿ 13 ಆಸನಗಳ ಬಸ್ಸೆಂದು ದಾಖಲಾಗಿರುವ ವಾಹನದೊಳಗೆ ಎರಡು ಮಂಚ, ಗ್ಯಾಸ್ ಒಲೆ ಮತ್ತು ಶೌಚಾಲಯ ಇದ್ದರೆ, ಕಾಗದದ ಮೇಲೆ ಅದು ಮೋಟರ್‌ಹೋಮ್ ಅಲ್ಲ. ಎಷ್ಟೋ ಜನ ಹಾಗೆಯೇ ಓಡಿಸುತ್ತಿದ್ದಾರೆ ಎಂದು ಮಾರುವವರು ಹೇಳುವುದು ಸುಳ್ಳಲ್ಲ. ನಾನೂ ಓಡಿಸುತ್ತಿದ್ದೆ. ಒಂದು ರಾತ್ರಿ ಫ್ರಿಜ್ಜಿನ ಹಿಂದಿನ ತಂತಿ ಶಾರ್ಟ್ ಆಗಿ ಒಳಭಾಗದ ಅರ್ಧದಷ್ಟು ಸುಟ್ಟುಹೋಯಿತು. ದೇವರ ದಯೆಯಿಂದ ಯಾರಿಗೂ ಏನೂ ಆಗಲಿಲ್ಲ. ಪರಿಶೀಲನೆಗೆ ಬಂದ ವಿಮಾ ಸರ್ವೇಯರು ಆರ್‌ಸಿ ನೋಡಿ, ವಾಹನವನ್ನೂ ನೋಡಿ, ‘ಇದರಲ್ಲಿ ಬರೆದಿರುವ ವಾಹನ ಎಲ್ಲಿದೆ?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ನಷ್ಟ ಪರಿಹಾರವಾಗಿ ಒಂದು ರೂಪಾಯಿಯೂ ಬರಲಿಲ್ಲ.

ಪುಣೆಯ ವಾಹನದಲ್ಲಿ ಆ ಭಯವಿಲ್ಲವಾದರೂ ಬೇರೆ ರಾಜ್ಯದ ನೋಂದಣಿಯ ಓಡಾಟವಿದೆ. ಅಲ್ಲಿನ ಆರ್‌ಟಿಓದಿಂದ ಫಾರಂ 28ರ ಎನ್‌ಓಸಿ (ನಿರಾಕ್ಷೇಪಣಾ ಪತ್ರ), ಮಾರಾಟದ ಫಾರಂ 29 ಮತ್ತು 30, ವಾಹನದ ಮೇಲೆ ಸಾಲವಿದ್ದರೆ ಅದು ತೀರಿದೆಯೆಂಬ ಬ್ಯಾಂಕಿನ ಪತ್ರದೊಡನೆ ಫಾರಂ 35 ಬೇಕು. ಕೊಂಡವರು 30 ದಿನಗಳೊಳಗೆ ವರ್ಗಾವಣೆಗೆ ಅರ್ಜಿ ಕೊಡಬೇಕು. ವಿಮೆಯನ್ನು ತಮ್ಮ ಹೆಸರಿಗೆ ಬದಲಿಸಿಕೊಳ್ಳಲು 14 ದಿನಗಳೊಳಗೆ ಕಂಪನಿಗೆ ತಿಳಿಸಬೇಕು. ಕರ್ನಾಟಕದ ತೆರಿಗೆಯನ್ನು ಇಲ್ಲಿ ಹೊಸದಾಗಿ ಕಟ್ಟಬೇಕಾಗುತ್ತದೆ. ಈ ಲೆಕ್ಕದಲ್ಲಿ ಏಜೆಂಟರ ಬಾಯಿಮಾತನ್ನು ನಂಬದೆ, ತಮ್ಮ ವಿಳಾಸ ಪಶ್ಚಿಮ ಕಚೇರಿಗೆ (ಕೆಎ-09) ಸೇರುತ್ತದೆಯೋ ಪೂರ್ವ ಕಚೇರಿಗೆ (ಕೆಎ-55) ಸೇರುತ್ತದೆಯೋ ನೋಡಿಕೊಂಡು, ಆರ್‌ಸಿಯ ನಕಲಿನೊಡನೆ ಅಲ್ಲಿಗೇ ಹೋಗಿ, ತೆರಿಗೆ ಎಷ್ಟಾಗುತ್ತದೆಂದು ಬರೆಸಿಕೊಂಡು ಬನ್ನಿ. ಆ ಮೊತ್ತವನ್ನು ಸೇರಿಸಿದ ಮೇಲೆ ಉಳಿಯುವುದೇ ಎರಡು ವಾಹನಗಳ ನಿಜವಾದ ಬೆಲೆ ವ್ಯತ್ಯಾಸ.

ಮಂಡ್ಯದ ಡೀಸೆಲ್ ಕೆಲಸಗಾರ

ಹಿಂದಿನವರು ಕಾಗದದ ವಿಷಯ ಹೇಳಿದ್ದಾರೆ. ನಾನು ವಾಹನದ ವಿಷಯ ಹೇಳುತ್ತೇನೆ. ಮಂಡ್ಯದಲ್ಲಿ 26 ವರ್ಷಗಳಿಂದ ಡೀಸೆಲ್ ವಾಹನಗಳ ಕೆಲಸ ಮಾಡುತ್ತಿದ್ದೇನೆ.

ನೋಡಲು ಹೋಗುವುದಾದರೆ ಬೆಳಿಗ್ಗೆಯೇ ಹೋಗಿ. ತಾವು ಬರುವವರೆಗೆ ಎಂಜಿನ್ ಚಾಲೂ ಮಾಡಬಾರದೆಂದು ಮೊದಲೇ ಹೇಳಿ, ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬಿಸಿಯಿದ್ದರೆ ಅವರು ಏನನ್ನೋ ಮುಚ್ಚಿಡುತ್ತಿರಬಹುದು. ತಣ್ಣಗಿರುವಾಗ ಚಾಲೂ ಮಾಡಿದ ಎಂಜಿನ್ನಿನ ಹೊಗೆ ಬಹಳಷ್ಟನ್ನು ಹೇಳುತ್ತದೆ: ನೀಲಿ ಹೊಗೆಯಾದರೆ ಆಯಿಲ್ ಸುಡುತ್ತಿದೆ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಇಳಿಯುತ್ತಿರಬಹುದು, ಎಳೆಯುವಾಗ ದಟ್ಟ ಕಪ್ಪು ಹೊಗೆ ಬಂದರೆ ಇಂಜೆಕ್ಟರ್ ಅಥವಾ ಟರ್ಬೋ ನೋಡಿಸಬೇಕು.

ಮೋಟರ್‌ಹೋಮ್‌ಗಳಿಗೆ ಓಡಿ ಸವೆಯುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ಟೈರಿನ ಗೆರೆಗಳು ಹೊಸದರಂತೆ ಕಂಡರೂ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿಯನ್ನು ಓದಿ. 3017 ಎಂದಿದ್ದರೆ ಅದು 2017ರ 30ನೇ ವಾರದ ಟೈರು. ಆರು ವರ್ಷ ದಾಟಿದ ಟೈರಿನ ಮೇಲೆ ಇಷ್ಟು ಭಾರ ಹೊರಿಸಿ, ವಯಸ್ಸಾದವರನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವುದನ್ನು ನಾನು ಒಪ್ಪುವುದಿಲ್ಲ. ಬ್ರೇಕಿನ ರಬ್ಬರುಗಳು, ಕೂಲಂಟ್ ಹೋಸುಗಳು, ಸ್ಪ್ರಿಂಗ್ ಪಟ್ಟಿಗಳ ಬುಷ್ ಇವೆಲ್ಲವೂ ನಿಂತಲ್ಲೇ ಒಣಗಿ ಬಿರಿಯುತ್ತವೆ. ವಾಹನ ಕರಾವಳಿಯಲ್ಲಿ ಇದ್ದದ್ದಾದರೆ ಅಡಿಗೆ ಟಾರ್ಚ್ ಹಿಡಿದು ಚಾಸಿಯ ತುಕ್ಕನ್ನು ನೋಡಲೇಬೇಕು.

ಇನ್ನು ತೂಕ. ಬಡಗಿ ಕೆಲಸದ ವಾಹನಗಳಲ್ಲಿ ಯಾರೂ ನೋಡದೆ ಬಿಡುವುದು ಇದನ್ನೇ. ನಮ್ಮ ಕಡೆ ಕಬ್ಬಿನ ಲಾರಿ ತೂಗುವ ವೇಬ್ರಿಡ್ಜ್‌ಗಳು ಬೇಕಾದಷ್ಟಿವೆ. ಅಂಥ ಒಂದರ ಮೇಲೆ ಮೊದಲು ಮುಂದಿನ ಚಕ್ರಗಳನ್ನು ಮಾತ್ರ ನಿಲ್ಲಿಸಿ, ಆಮೇಲೆ ಪೂರ್ತಿ ವಾಹನವನ್ನು ನಿಲ್ಲಿಸಿ ಎರಡು ಚೀಟಿ ತೆಗೆದುಕೊಳ್ಳಿ. ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿಯಿಂದ ಪೂರ್ತಿ ವಾಹನದ ತೂಕವನ್ನು ಕಳೆದು ಉಳಿಯುವುದರಲ್ಲಿ ಜನ, ನೀರು, ಪಾತ್ರೆ, ಬಟ್ಟೆ, ಸಿಲಿಂಡರ್ ಎಲ್ಲವೂ ಸೇರಬೇಕು. ನೂರು ಲೀಟರ್ ನೀರೆಂದರೆ ನೂರು ಕೆ.ಜಿ. ಎಂಬುದನ್ನು ಮರೆಯಬೇಡಿ. ಪ್ಲೈವುಡ್ ಬೀರುಗಳೆಲ್ಲ ಒಂದೇ ಪಕ್ಕದಲ್ಲಿದ್ದರೆ ವಾಹನ ಆ ಕಡೆಗೆ ವಾಲಿರುತ್ತದೆ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿದರೆ ಕಣ್ಣಿಗೇ ಕಾಣುತ್ತದೆ.

ಓಡಿಸಿ ನೋಡಲು ಚಾಮುಂಡಿ ಬೆಟ್ಟಕ್ಕಿಂತ ಒಳ್ಳೆಯ ರಸ್ತೆ ಬೇಕಿಲ್ಲ. ಹತ್ತುವಾಗ ಕ್ಲಚ್ ಮತ್ತು ಎಂಜಿನ್ನಿನ ಶಾಖ ತಿಳಿಯುತ್ತದೆ. ಇಳಿಯುವಾಗ ಕೆಳಗಿನ ಗೇರಿನಲ್ಲೇ ಬಂದು, ಬ್ರೇಕ್ ಒತ್ತಿದರೆ ಒಂದು ಪಕ್ಕಕ್ಕೆ ಎಳೆಯುತ್ತದೆಯೇ ಎಂದು ನೋಡಿ. ಒಳಗಿನ ಬಾಗಿಲು, ಡ್ರಾಯರುಗಳ ಸದ್ದನ್ನೂ ಆಗಲೇ ಕೇಳಿಕೊಳ್ಳಿ.

ಗುಂಡ್ಲುಪೇಟೆ ದಾರಿ

ಒಂದೆರಡು ಸಣ್ಣ ಮಾತು. ಊಟಿ ಅಥವಾ ವಯನಾಡಿನ ಕಡೆ ಹೊರಡುವುದಾದರೆ ಬಂಡೀಪುರದ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಹಗಲಿನಲ್ಲೂ ಕಾಡಿನೊಳಗೆ ವಾಹನ ನಿಲ್ಲಿಸಿ ಅಡುಗೆ ಮಾಡುವಂತಿಲ್ಲ. ಇನ್ನೊಂದು, ಎಸಿ ಮತ್ತು ಸೋಲಾರ್ ಫಲಕ ಸೇರಿ ವಾಹನದ ಪೂರ್ತಿ ಎತ್ತರವನ್ನು ಅಳೆದು ಡ್ಯಾಶ್‌ಬೋರ್ಡಿನ ಮೇಲೆ ಬರೆದಿಟ್ಟುಕೊಳ್ಳಿ. ರೈಲ್ವೆ ಕೆಳಸೇತುವೆಗಳ ಮುಂದೆ ಅದು ಬೇಕಾಗುತ್ತದೆ. ಮನೆಯ ಮುಂದೆ ನಿಲ್ಲಿಸಲು ಜಾಗವಿದೆಯೇ ಎಂಬುದನ್ನು ಮೂವತ್ತು-ನಲವತ್ತರ ನಿವೇಶನದವರು ಮೊದಲೇ ಟೇಪ್ ಹಿಡಿದು ನೋಡಬೇಕು.

ಶ್ರೀರಂಗಪಟ್ಟಣದ ಗೃಹಿಣಿ

ಸರ್, ನಾನು ಮತ್ತು ನಮ್ಮ ಯಜಮಾನರು ಐದು ವರ್ಷಗಳಿಂದ ಇಂಥದೊಂದು ವಾಹನ ಇಟ್ಟುಕೊಂಡಿದ್ದೇವೆ. ನಮ್ಮ ಅತ್ತೆಯವರೂ ಜೊತೆಗೆ ಬರುತ್ತಾರೆ. ತಾವು ಬರೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ತಾಯಿಯವರ ಮಾತು. ಅವರಿಗಾಗಿಯೇ ಕೊಳ್ಳುವುದಾದರೆ, ದಯವಿಟ್ಟು ಅವರನ್ನೇ ಕರೆದುಕೊಂಡು ಹೋಗಿ ಹತ್ತಿಸಿ ನೋಡಿ. ಮೆಟ್ಟಿಲು ನೆಲದಿಂದ ಎಷ್ಟು ಎತ್ತರದಲ್ಲಿದೆ, ಹತ್ತುವಾಗ ಹಿಡಿದುಕೊಳ್ಳಲು ಎರಡೂ ಕಡೆ ಕಂಬಿ ಇದೆಯೇ, ಶೌಚಾಲಯದ ಬಾಗಿಲಿನೊಳಗೆ ಅವರು ತಿರುಗಬಲ್ಲರೇ, ಕಮೋಡಿನಿಂದ ಏಳುವಾಗ ಕೈಗೆ ಆಸರೆ ಸಿಗುತ್ತದೆಯೇ ಎಂಬುದು ಫೋಟೋದಲ್ಲಿ ತಿಳಿಯುವುದಿಲ್ಲ. ನಮ್ಮ ಅತ್ತೆಯವರಿಗೆ ಮಂಚದ ಎತ್ತರವೇ ಹೊಂದದೆ, ಕೊಂಡ ಮೇಲೆ ಎಲ್ಲವನ್ನೂ ಕೊಯ್ದು ತಗ್ಗಿಸಬೇಕಾಯಿತು. ವಾಹನ ಓಡುವಾಗ ಯಾರೂ ಮಂಚದ ಮೇಲೆ ಮಲಗಬಾರದು. ಆದ್ದರಿಂದ ಅವರಿಗೆ ಬೆಲ್ಟ್ ಇರುವ, ಬೆನ್ನಿಗೆ ಒತ್ತಾಸೆಯಾಗುವ ಒಂದು ಸರಿಯಾದ ಆಸನವಿರಲೇಬೇಕು.

ನೀರು ಸೋರಿರುವುದನ್ನು ಮೂಗಿನಿಂದಲೇ ಕಂಡುಹಿಡಿಯಬಹುದು. ಬಾಗಿಲು ತೆರೆದ ಕೂಡಲೇ ಮಳೆಗಾಲದ ಬೀರುವಿನ ಮುಗ್ಗಲು ವಾಸನೆ ಬಂದರೆ, ಛಾವಣಿಯ ಫ್ಯಾನು, ಕಿಟಕಿಯ ಮೂಲೆ, ಸಿಂಕಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಪ್ಲೈವುಡ್ ಮೆತ್ತಗಿದ್ದರೆ ಒಳಗೆ ಕೊಳೆತಿದೆ. ನೀರಿಗೆ ತಡೆಯುವುದು ಐಎಸ್ 710 ಗುರುತಿನ ಮರೀನ್ ಪ್ಲೈವುಡ್.

ವಿದ್ಯುತ್ತಿನ ಬಗ್ಗೆ ಮಾರುವವರು ಹೇಳುವುದನ್ನು ತಾವೇ ಲೆಕ್ಕ ಹಾಕಿ ನೋಡಿ. 12 ವೋಲ್ಟಿನ, 150 ಆಂಪಿಯರ್-ಅವರ್‌ನ ಸಾಮಾನ್ಯ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇದ್ದರೂ, ಬಾಳಿಕೆ ಬರಬೇಕಾದರೆ ಅರ್ಧದಷ್ಟನ್ನು ಮಾತ್ರ ಬಳಸಬೇಕು. ಅದು ಸಣ್ಣ ಫ್ರಿಜ್ಜು, ಎರಡು ಫ್ಯಾನು ಮತ್ತು ದೀಪಗಳಿಗೆ ಒಂದು ರಾತ್ರಿಗೆ ಸಾಕು. ಒಂದು ಟನ್ನಿನ ಎಸಿಗೆ ಒಂದು ಗಂಟೆಗೂ ಸಾಲದು. ‘ರಾತ್ರಿಯಿಡೀ ಎಸಿ ಓಡುತ್ತದೆ’ ಎಂದರೆ, ಹಾಕಿ ಬಿಟ್ಟು ಎದುರಿಗೇ ಕುಳಿತುಕೊಳ್ಳಿ. ತಂತಿಗಳು ಎಲ್ಲಿ ಸೇರಿವೆ, ಪ್ರತಿ ಸಾಲಿಗೂ ಫ್ಯೂಸ್ ಇದೆಯೇ ಎಂದು ತೋರಿಸಲು ಹೇಳಿ. ಯಾದವಗಿರಿಯವರ ಅನುಭವ ಓದಿ ನನಗೆ ಎದೆ ನಡುಗಿತು.

ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಗೂಡಿನ ತಳದಿಂದ ಹೊರಕ್ಕೆ ರಂಧ್ರ ಇರಬೇಕು. ಸಿಲಿಂಡರಿನ ಕತ್ತಿನ ಮೇಲಿರುವ ಅಕ್ಷರ ಮತ್ತು ಅಂಕಿಯನ್ನೂ ಓದಿ: ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಮುಂದೆ, ಅಂಕಿ ಮುಂದಿನ ಪರೀಕ್ಷೆಯ ವರ್ಷ. ಮನೆಗೆ ಹತ್ತಿರದ ಪ್ರಯಾಣಗಳಲ್ಲಿ ನಾನು ಬೆಳಿಗ್ಗೆಯೇ ಬಿಸಿಬೇಳೆಬಾತ್, ಮೊಸರನ್ನ ಕಟ್ಟಿಕೊಂಡು ಹೊರಡುತ್ತೇನೆ. ಒಲೆ ಹಚ್ಚುವುದು ಕಾಫಿಗೆ ಮಾತ್ರ.

ಕುವೆಂಪುನಗರವಾಸಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮುಂಗಡ ಕೊಡಲಿಲ್ಲ. ಆದರೂ ಬೆಂಗಳೂರಿನ ಮಾಲೀಕರು ಸಜ್ಜನರು. ವಾಹನವನ್ನು ತಾವೇ ಮಂಡ್ಯದವರೆಗೆ ತಂದರು. ವೇಬ್ರಿಡ್ಜ್ ಚೀಟಿಯ ಪ್ರಕಾರ ಖಾಲಿ ಟ್ಯಾಂಕಿನೊಡನೆ 3,610 ಕೆ.ಜಿ. ಬಂತು, ಆರ್‌ಸಿಯಲ್ಲಿರುವ ಮಿತಿ 3,850. ಉಳಿಯುವುದು 240 ಕೆ.ಜಿ. ನಾವು ಮೂವರು ಮತ್ತು ಮಗ ಹತ್ತಿದರೆ ಅಷ್ಟೂ ಮುಗಿಯುತ್ತದೆ, ಒಂದು ಬಿಂದಿಗೆ ನೀರಿಗೂ ಅವಕಾಶವಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಮ್ಮ ಶೌಚಾಲಯದ ಬಾಗಿಲಿನಲ್ಲಿ ಅಡ್ಡಲಾಗಿ ತಿರುಗಲು ಆಗದೆ ಹಿಂದಕ್ಕೆ ಬಂದು, ‘ಬೇಡ ಕಣಪ್ಪ, ನಾನು ಮನೆಯಲ್ಲೇ ಇರುತ್ತೇನೆ’ ಎಂದರು. ಆ ವಾಹನದ ಮಾತನ್ನು ಅಲ್ಲಿಗೇ ಬಿಟ್ಟೆವು.

ಪುಣೆಯವರು ಮಾದರಿ ಪ್ರಮಾಣಪತ್ರದ ನಕಲು ಕಳುಹಿಸಿದ್ದಾರೆ, ಸಾಲ ತೀರಿದೆ. ಶೌಚಾಲಯದ ಬಾಗಿಲಿನ ಅಳತೆ ತರಿಸಿಕೊಂಡು, ನಮ್ಮ ಮನೆಯ ನಡುಮನೆಯಲ್ಲಿ ಎರಡು ಬೀರುಗಳ ನಡುವೆ ಅಷ್ಟೇ ಜಾಗ ಬಿಟ್ಟು, ಅಮ್ಮನನ್ನು ಮೂರು ಸಲ ಒಳಹೊರಗೆ ಓಡಾಡಿಸಿದೆವು. ಅವರು ಸಲೀಸಾಗಿ ತಿರುಗಿದರು. ಟೈರುಗಳ ಮೇಲೆ ಮಾತ್ರ 1119 ಎಂದಿದೆ, ಅಂದರೆ ಎಲ್ಲವೂ ಮೊದಲಿನವೇ; ಅವುಗಳ ಹಣವನ್ನು ಬೆಲೆಯಲ್ಲಿ ಕಳೆಯಲು ಕೇಳಿದ್ದೇನೆ. ಆರ್‌ಟಿಓ ಕಚೇರಿಯಲ್ಲಿ ತೆರಿಗೆಯ ಲೆಕ್ಕಕ್ಕೆ ಅರ್ಜಿ ಕೊಟ್ಟಾಗಿದೆ. ಮುಂದಿನ ತಿಂಗಳು ಪುಣೆಗೆ ಹೋಗುವಾಗ ಮಂಡ್ಯದವರು ಜೊತೆಗೆ ಬರಲು ಒಪ್ಪಿದರೆ, ರೈಲಿನ ಟಿಕೆಟ್ ನಾನೇ ಮಾಡಿಸುತ್ತೇನೆ. ತಮಗೆ ಯಾವ ವಾರ ಅನುಕೂಲವೆಂದು ತಿಳಿಸಿದರೆ ಸಾಕು.