ಉಪ್ಪು ನೀರಿಂದ ಬಂದ ಮೇಲೆ ರೀಲನ್ನು ಬಕೆಟ್‌ನಲ್ಲಿ ಮುಳುಗಿಸಿಡಬಹುದಾ?

ದಡದ_ಗಾಳ:
ಇಷ್ಟು ದಿನ ಕೆರೆ, ಹೊಳೆಯಲ್ಲೇ ಗಾಳ ಹಾಕುತ್ತಿದ್ದೆ. ಈಗ ಸಮುದ್ರದ ಹುಚ್ಚು ಹಿಡಿದಿದೆ. ಇರುವುದು ಸ್ಪಿನ್ನಿಂಗ್ ರೀಲ್ (ಹ್ಯಾಂಡಲ್ ತಿರುಗಿಸಿ ಗಾಳದ ದಾರ ಸುತ್ತಿಕೊಳ್ಳುವಂಥದ್ದು), ಬ್ರೇಡ್ ಲೈನ್ (ಎಳೆಗಳನ್ನು ಹೆಣೆದು ಮಾಡಿದ ದಾರ). ಪ್ರತಿ ಸಲ ಬಂದ ತಕ್ಷಣ ಸಿಹಿನೀರಲ್ಲಿ ತೊಳೆಯುತ್ತೇನೆ, ಆದರೂ ಲೈನ್ ಎಳೆದುಕೊಳ್ಳುವಾಗ ಕಿರ್ ಕಿರ್ ಅಂತ ಸದ್ದು. ಹ್ಯಾಂಡಲ್ ಸುಮ್ನೆ ತಿರುಗಿಸಿದರೆ ಏನೂ ಇಲ್ಲ, ಭಾರ ಬಿದ್ದಾಗ ಮಾತ್ರ ಬರುತ್ತದೆ. ಒಬ್ಬ ಗೆಳೆಯ ರಾತ್ರಿಯಿಡೀ ಬಕೆಟ್‌ನಲ್ಲಿ ಮುಳುಗಿಸಿಡು ಅನ್ನುತ್ತಾನೆ, ಇನ್ನೊಬ್ಬ ಪೈಪ್ ಹಿಡಿದು ಜೋರಾಗಿ ನೀರು ಹೊಡಿ ಅನ್ನುತ್ತಾನೆ. ಯಾರ ಮಾತು ಕೇಳಲಿ?

ತುಕ್ಕಿನ_ವೈರಿ:
ಇಬ್ಬರದ್ದೂ ಬೇಡ. ಉಪ್ಪು ಜಾಸ್ತಿ ಇರುವುದು ಹೊರಗೆ. ಮುಳುಗಿಸಿಟ್ಟರೆ ಅದು ಕರಗಿ ನೀರಿನ ಜೊತೆ ಬೇರಿಂಗ್, ಗೇರ್ ತನಕ ಇಳಿಯುತ್ತದೆ. ಜೋರು ನೀರು ಇನ್ನೂ ಕೆಟ್ಟದ್ದು, ಸಂದಿಯಲ್ಲಿರುವ ಮರಳನ್ನೂ ಒಳಗೆ ತಳ್ಳಿ ಗ್ರೀಸನ್ನು ಎಬ್ಬಿಸಿಬಿಡುತ್ತದೆ. ಮೊದಲು ಡ್ರ್ಯಾಗ್ ನಾಬ್ (ಮೀನು ಎಳೆದಾಗ ಲೈನ್ ಎಷ್ಟು ಬಿಗಿಯಲ್ಲಿ ಬಿಡಬೇಕು ಅಂತ ಹೊಂದಿಸುವ ತಿರುಪು) ಪೂರ್ತಿ ಬಿಗಿ ಮಾಡಿ, ಆಗ ಡ್ರ್ಯಾಗ್ ವಾಷರ್‌ಗಳಿಗೆ ನೀರು ಹೋಗುವುದು ಕಡಿಮೆ. ಆಮೇಲೆ ತಣ್ಣೀರನ್ನು ಮಳೆ ಹನಿಯ ಹಾಗೆ ಮೆತ್ತಗೆ ಬಿಡಿ. ಬಿಸಿನೀರು ಬೇಡ, ಗ್ರೀಸ್ ಕರಗುತ್ತದೆ. ಒದರಿ, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ. ಎತ್ತಿಡುವ ಮುಂಚೆ ಡ್ರ್ಯಾಗ್ ಸಡಿಲ ಮಾಡುವುದನ್ನು ಮರೆಯಬೇಡಿ, ಬಿಗಿಯಾಗಿಯೇ ಇಟ್ಟರೆ ವಾಷರ್ ಒತ್ತಿಕೊಂಡು ಹಾಳಾಗುತ್ತದೆ.

ನಿಮ್ಮ ಸದ್ದು ಬಹುಶಃ ಲೈನ್ ರೋಲರ್‌ದು. ಲೈನನ್ನು ಹಿಡಿದು ಸುತ್ತುವ ಬಾಗಿದ ಬೇಲ್ ತಂತಿಯ ತುದಿಯಲ್ಲಿ, ಲೈನ್ ತಿರುಗಿ ಸ್ಪೂಲಿಗೆ (ಲೈನ್ ಸುತ್ತಿಕೊಳ್ಳುವ ಉರುಳೆಗೆ) ಹೋಗುವ ಜಾಗದಲ್ಲಿ ಪುಟ್ಟ ಉರುಳೆ ಇದೆಯಲ್ಲ, ಅದು. ರೀಲಿನಲ್ಲಿ ಅಷ್ಟು ಉಪ್ಪು ನೀರು ಕುಡಿಯುವ ಭಾಗ ಇನ್ನೊಂದಿಲ್ಲ, ನೆನೆದ ಬ್ರೇಡ್ ಪೂರ್ತಿ ಅದರ ಮೇಲೇ ಉಜ್ಜಿಕೊಂಡು ಬರುತ್ತದೆ. ಬೆರಳ ತುದಿಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗದಿದ್ದರೆ ಸ್ಕ್ರೂ ಬಿಚ್ಚಿ, ಒರೆಸಿ, ಒಂದೇ ಒಂದು ಹನಿ ರೀಲ್ ಆಯಿಲ್ ಹಾಕಿ. ಬಿಚ್ಚುವಾಗ ಫೋಟೊ ತೆಗೆದುಕೊಳ್ಳಿ, ಆ ಸಣ್ಣ ವಾಷರ್‌ಗಳು ಯಾವ ಕ್ರಮದಲ್ಲಿದ್ದವು ಅಂತ ಆಮೇಲೆ ದೇವರಿಗೂ ಗೊತ್ತಾಗುವುದಿಲ್ಲ.

ಅಲೆಯಾಚೆ:
ನಾನು ರೀಲಿಗೆ ನೀರೇ ಬಿಡುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ ಅಷ್ಟೆ. ಅಲೆ ಮೈಮೇಲೆ ಬಿದ್ದಿದ್ದರೆ ಮಾತ್ರ ತೊಳೆಯುವುದು. ಎಲ್ಲರೂ ರೀಲಿನ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ, ರಾಡ್ ಕಡೆ ಯಾರೂ ನೋಡುವುದಿಲ್ಲ. ರೀಲನ್ನು ರಾಡ್ ಮೇಲಿನ ಸೀಟಿನಿಂದ (ಅದನ್ನು ಕೂರಿಸುವ ಜಾಗದಿಂದ) ಬಿಚ್ಚಿಯೇ ತೊಳೆಯಿರಿ, ಅಲ್ಲಿನ ಥ್ರೆಡ್‌ನಲ್ಲಿ ಉಪ್ಪು ಕೂತರೆ ನಟ್ ಕಚ್ಚಿಕೊಳ್ಳುತ್ತದೆ. ರಾಡ್ ಉದ್ದಕ್ಕೂ ಲೈನ್ ಹಾದುಹೋಗುವ ಬಳೆಗಳ, ಅಂದರೆ ಗೈಡ್‌ಗಳ ಬುಡಕ್ಕೆ ಹಳೇ ಟೂತ್ ಬ್ರಷ್ ಸಾಕು. ಗೈಡ್ ಒಳಗೆ ಹತ್ತಿ ಎಳೆದು ನೋಡಿ, ಎಳೆ ಸಿಕ್ಕಿಕೊಂಡರೆ ರಿಂಗ್ ಬಿರುಕು ಬಿಟ್ಟಿದೆ ಅಂತ, ಅದೇ ನಾಳೆ ಲೈನ್ ಕತ್ತರಿಸುತ್ತದೆ. ಎರಡು ತುಂಡಿನ ರಾಡ್ ಆದರೆ ಬಿಡಿಸಿ ಒಣಗಿಸಿ.

ಮತ್ತೆ ಬಳಸಿದ ಲೂರ್ (ಕೊಕ್ಕೆ ಇರುವ ಕೃತಕ ಎರೆ) ಒದ್ದೆಯಾಗಿಯೇ ಡಬ್ಬಿಗೆ ಹಾಕಬೇಡಿ. ಒಂದರ ಕೊಕ್ಕೆ ತುಕ್ಕು ಹಿಡಿದರೆ ಪಕ್ಕದಲ್ಲಿರುವ ಹೊಸದಕ್ಕೂ ಕಲೆ ಹತ್ತುತ್ತದೆ.

ದಡದ_ಗಾಳ:
ರೋಲರ್ರೇ! ಬೆರಳಲ್ಲಿ ಅಲುಗಲೇ ಇಲ್ಲ. ಬಿಚ್ಚಿದರೆ ಒಳಗೆ ಬಿಳಿ ಪುಡಿ ಕಚ್ಚಿಕೊಂಡಿತ್ತು. ಒರೆಸಿ ಎಣ್ಣೆ ಹಾಕಿದೆ, ಸದ್ದು ಹೋಯಿತು. ಇನ್ನೆರಡು ಅನುಮಾನ. ಡಬ್ಲ್ಯೂಡಿ-40 ಸ್ಪ್ರೇ ಹೊಡೆದರೆ ಇದೆಲ್ಲ ತಪ್ಪುತ್ತದಾ? ಬ್ರೇಡ್ ಒಳಗಿನ ಉಪ್ಪಿಗೆ ಏನು ಮಾಡುವುದು?

ತುಕ್ಕಿನ_ವೈರಿ:
ಅದು ನೀರನ್ನು ಹೊರಗಟ್ಟುತ್ತದೆ, ನಿಜ. ಕಟಿಂಗ್ ಪ್ಲೇಯರ್‌ಗೆ ಹೊಡೆಯಿರಿ, ಪರವಾಗಿಲ್ಲ. ರೀಲಿನ ಒಳಗೆ ಹೋದರೆ ಇರುವ ಗ್ರೀಸನ್ನೇ ತೆಳುವಾಗಿಸುತ್ತದೆ, ಗ್ರೀಸ್ ಮಾಡುವ ಕೆಲಸ ಅದು ಮಾಡುವುದಿಲ್ಲ.

ಬ್ರೇಡ್ ವಿಷಯ ಕೇಳಿದ್ದು ಒಳ್ಳೆಯದಾಯಿತು. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಎಳೆಗಳ ನಡುವೆ ಆ ನೀರು ನಿಂತು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಮತ್ತೆ ನೀರು ಎಳೆದುಕೊಂಡು ಅಲ್ಯೂಮಿನಿಯಂ ಸ್ಪೂಲನ್ನು ಕೆಳಗಿಂದ ತಿನ್ನುತ್ತದೆ. ಸ್ಪೂಲ್ ಒಂದನ್ನೇ ಬಿಚ್ಚಿ, ಒಳಗಿನ ಡ್ರ್ಯಾಗ್ ವಾಷರ್‌ಗಳನ್ನು ಕ್ರಮ ತಪ್ಪದ ಹಾಗೆ ತೆಗೆದಿಟ್ಟು, ಲೈನ್ ಸಮೇತ ಸಿಹಿನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ. ನಿಮ್ಮ ಗೆಳೆಯನ ಬಕೆಟ್ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಅಲೆಯಾಚೆ:
ನೆನೆಸಿದ ಮೇಲೆ ಸ್ಪೂಲ್ ಪೂರ್ತಿ ಆರುವ ತನಕ ವಾಷರ್ ವಾಪಸ್ ಹಾಕಬೇಡಿ. ಬ್ರೇಡ್ ಮೇಲೆ ಒಣಗಿದ ಹಾಗೆ ಕಂಡರೂ ಒಳ ಸುತ್ತು ಮರುದಿನವೂ ಒದ್ದೆ ಇರುತ್ತದೆ.