ಜ್ವರ ಬಿಟ್ಟ ಅಪ್ಪಾಜಿಗೆ ಕೋಳಿ-ಸೊಪ್ಪಿನ ಸೂಪು: ನಿಮ್ಮನೇಲಿ ಹೇಗೆ ಮಾಡ್ತೀರಿ?

ಕೇಳಿದವರು, ಮೈಸೂರು ಕುವೆಂಪುನಗರ

ನಮ್ಮ ಅಪ್ಪಾಜಿಗೆ 68 ವರ್ಷ. ಟೈಫಾಯ್ಡ್ ಬಂದು ಹತ್ತು ದಿನ ಮಲಗಿದ್ರು. ಜ್ವರ ಬಿಟ್ಟು ಒಂದು ವಾರ ಆಯ್ತು, ಆದ್ರೆ ಬಾಯಿ ಕೆಟ್ಟುಹೋಗಿದೆ. ಮುದ್ದೆ ಇಟ್ರೆ ಎರಡು ತುತ್ತು ಮುರಿದು ಕೈ ತೊಳೀತಾರೆ. ಪಂಚೆ ಮೇಲೆ ಕಟ್ಟೋ ಬೆಲ್ಟು ಎರಡು ತೂತು ಒಳಕ್ಕೆ ಹೋಗಿದೆ. ಡಾಕ್ಟರು, ಎಣ್ಣೆ ಖಾರ ಕಮ್ಮಿ ಮಾಡಿ ಪ್ರೋಟೀನ್ ಇರೋದು ಕೊಡಿ, ಕೋಳಿ ಸೂಪಿಗೆ ಸೊಪ್ಪು ಹಾಕಿ ಕೊಡಬಹುದು ಅಂದಿದ್ದಾರೆ. ಬಿಪಿ ಮಾತ್ರೆ ತಗೋತಾರೆ, ಹಾಗಾಗಿ ಉಪ್ಪು ಹಿಡಿತದಲ್ಲಿರಬೇಕು.

ನಾನು ಎರಡು ಸಲ ಮಾಡಿದೆ. ಮೊದಲನೇ ಸಲ ಕೋಳಿ, ಪಾಲಕ್ಕು, ಉಪ್ಪು ಎಲ್ಲಾ ಕುಕ್ಕರ್‌ಗೆ ಒಟ್ಟಿಗೆ ಹಾಕಿ ಐದು ಕೂಗು ಕೂಗಿಸಿದೆ. ಸೊಪ್ಪು ಕಪ್ಪಾಗಿ ಲೋಳೆಯಾಯ್ತು, ಬಾಡು ನಾರು ನಾರು, ಮೇಲೆಲ್ಲ ಕೊಬ್ಬು ತೇಲ್ತಿತ್ತು. ಎರಡನೇ ಸಲ ಬರೀ ಕೋಳಿ ಬೇಯಿಸಿ ರಸ ಸೋಸಿ ಕೊಟ್ಟೆ. 'ಆಸ್ಪತ್ರೆ ವಾಸನೆ ಹೊಡೀತದೆ ಕಣಮ್ಮ' ಅಂತ ಲೋಟ ಪಕ್ಕಕ್ಕಿಟ್ರು. ಮನೇಲಿ ಕಾಯಿಲೆಯವರಿಗೆ ಇಂಥದ್ದು ಮಾಡಿ ಕೊಟ್ಟು, ಅವರು ಇಷ್ಟಪಟ್ಟು ಕುಡಿದಿದ್ರೆ ದಯವಿಟ್ಟು ಹೇಗೆ ಮಾಡಿದ್ರಿ ಹೇಳಿ.

ಮಂಡ್ಯ ತಾಲ್ಲೂಕಿನಿಂದ

ನೋಡವ್ವ, ನಮ್ಮ ಯಜಮಾನರು ಹೋದ ವರ್ಷ ಹರ್ನಿಯಾ ಆಪರೇಷನ್ ಮಾಡಿಸ್ಕಂಡು ಬಂದಾಗ ನಾನೂ ನಿನ್ನ ಥರಾನೇ ಒದ್ದಾಡಿದ್ದೆ. ಒಂದು ತಿಂಗಳು ಹತ್ತಿರ ಹತ್ತಿರ ಇದೇ ಕೆಲಸ ಮಾಡಿ ಕೈ ಪಳಗಿದೆ, ಅದಕ್ಕೇ ಉದ್ದ ಬರೀತಿದೀನಿ.

ಮೊದಲು ಒಂದು ಮಾತು. ರಸ ಮಾತ್ರ ಕುಡಿಸಬ್ಯಾಡ. ಬಸ್ಸಾರು ಮಾಡೋ ನಮಗೆ ಒಂದು ರೂಢಿ ಬಂದ್ಬಿಟ್ಟಿದೆ: ಕಾಳು ಸೊಪ್ಪು ಬೇಯಿಸಿ ಬಸಿದ ನೀರಲ್ಲೇ ಸಾರ ಇಳಿದಿರ್ತದೆ ಅಂತ. ಕೋಳಿಗೂ ಅದೇ ಲೆಕ್ಕ ಹಾಕಿ, ರಸ ಕಾಯಿಲೆಯವರಿಗೆ ಕೊಟ್ಟು ಬಾಡನ್ನ ಮನೆ ಮಂದಿ ತಿಂದ್ಬಿಡ್ತೀವಿ. ಶಕ್ತಿ ಇರೋದು ಬಾಡಲ್ಲಿ. ನಾನು ಮೊದಲ ಹತ್ತು ದಿನ ಬರೀ ರಸ ಕೊಟ್ಟು, ಇವರು ಯಾಕೆ ಮೈ ಹಿಡೀತಿಲ್ಲ ಅಂತ ಕೂತಿದ್ದೆ. ಹೊಲಿಗೆ ಬಿಚ್ಚಿಸೋಕೆ ಹೋದಾಗ ಅಲ್ಲಿನ ನರ್ಸಮ್ಮ ಕೇಳಿದ ಮೇಲೆ ಗೊತ್ತಾಯ್ತು.

ಈಗ ಮಾಡೋ ರೀತಿ. ಅರ್ಧ ಕೆಜಿ ಕೋಳಿ, ಚರ್ಮ ತೆಗೆಸಿ, ಮೂಳೆ ಸಮೇತ, ತೊಡೆ ಭಾಗ ಜಾಸ್ತಿ ಇರ್ಲಿ. ಎದೆ ಭಾಗ ಬೇಗ ಒಣಗಿ ನಾರಾಗ್ತದೆ, ನಿಂಗೆ ಆಗಿರೋದು ಅದೇ. ಬೋಸಿಗೆ ಒಂದೂವರೆ ಲೀಟರು ತಣ್ಣೀರು ಹಾಕಿ, ಅದರೊಳಕ್ಕೆ ಕೋಳಿ ಬಿಟ್ಟು ಒಲೆ ಹಚ್ಚು. ಕುದಿ ಬರೋ ಹೊತ್ತಿಗೆ ಬೂದು ಬಣ್ಣದ ನೊರೆ ಅಂಚಿಗೆ ಬಂದು ಕೂರ್ತದೆ. ಅದನ್ನ ಸೌಟಲ್ಲಿ ಎತ್ತಿ ಎತ್ತಿ ಚೆಲ್ಲು. ನಿಮ್ಮಪ್ಪಾಜಿ ಹೇಳಿದ ವಾಸನೆ ಮುಕ್ಕಾಲು ಪಾಲು ಅಲ್ಲೇ ಹೋಯ್ತು. ಆಮೇಲೆ ಉರಿ ಸಣ್ಣ ಮಾಡು. ಕೊತಕೊತ ಕುದೀಬಾರದು. ಒಂದೊಂದೇ ಗುಳ್ಳೆ ಮೇಲಕ್ಕೆ ಬಂದು ಒಡೀತಿರಬೇಕು, ಅಷ್ಟೇ. ಜೋರಾಗಿ ಕುದಿಸಿದ್ರೆ ಕೊಬ್ಬು ನೀರಲ್ಲಿ ಕಲಸಿಕೊಂಡು ರಸ ಬಗ್ಗಡ ಆಗ್ತದೆ, ಆಮೇಲೆ ಏನು ಮಾಡಿದ್ರೂ ತಿಳಿಯಾಗಲ್ಲ.

ನೊರೆ ತೆಗೆದ ಮೇಲೆ ಒಂದಿಂಚು ಶುಂಠಿ ಜಜ್ಜಿ, ಆರೆಂಟು ಎಸಳು ಬೆಳ್ಳುಳ್ಳಿ, ಹತ್ತು ಸಾಂಬಾರ್ ಈರುಳ್ಳಿ, ಚಿಟಿಕೆ ಅರಿಸಿನ. ಫಾರಂ ಕೋಳಿ ಅರ್ಧ ಗಂಟೆಗೆ ಬೇಯ್ತದೆ. ಆಗ ತುಂಡುಗಳನ್ನ ತಟ್ಟೆಗೆ ತೆಗೆದು, ಆರಿದ ಮೇಲೆ ಮೂಳೆಯಿಂದ ಬಾಡು ಬಿಡಿಸಿ ಸಣ್ಣಗೆ ಎಳೆ ಎಳೆ ಮಾಡು. ಬರೀ ಮೂಳೆಯನ್ನ ತಿರುಗಾ ರಸಕ್ಕೆ ಹಾಕಿ ಇನ್ನರ್ಧ ಗಂಟೆ ಇಡು. ಹೀಗೆ ಮಾಡಿದ್ರೆ ಬಾಡೂ ಮೆತ್ತಗಿರ್ತದೆ, ರಸಕ್ಕೂ ಮೂಳೆ ಸಾರ ಬರ್ತದೆ. ಮೂಳೆ ಸೋಸಿ ತೆಗೆದು ಬಾಡು ವಾಪಸ್ ಹಾಕಿ ಒಂದು ಕುದಿ ಬರಿಸು.

ಸೊಪ್ಪು ಕಟ್ಟ ಕಡೇಲಿ. ನಮ್ಮಲ್ಲಿ ನಾಲೆ ಬಯಲಿನ ಬದುಗಳಲ್ಲಿ ಹೊನಗನ್ನೆ, ಅಣ್ಣೆ ಸೊಪ್ಪು ತಾನಾಗೇ ಬರ್ತದೆ, ನಾನು ಬೆರಕೆ ಸೊಪ್ಪೇ ಹಾಕ್ತಿದ್ದೆ. ನಿಂಗೆ ಮೈಸೂರಲ್ಲಿ ಸಿಗೋ ಕೀರೆ, ಎಳೆ ದಂಟು, ನುಗ್ಗೆ ಯಾವುದಾದ್ರೂ ಆಯ್ತದೆ. ಟೈಫಾಯ್ಡ್ ಆದವರ ಹೊಟ್ಟೆ, ಸೊಪ್ಪು ತೊಳೆಯೋದ್ರಲ್ಲಿ ಸೋಮಾರಿತನ ಬ್ಯಾಡ. ಅಗಲ ಪಾತ್ರೆ ತುಂಬ ನೀರಲ್ಲಿ ಮುಳುಗಿಸಿ ಅಲುಗಾಡಿಸಿ, ಸೊಪ್ಪನ್ನ ಕೈಯಲ್ಲಿ ಮೇಲಕ್ಕೆ ಎತ್ತು, ಪಾತ್ರೆ ಬಗ್ಗಿಸಬ್ಯಾಡ. ಬಗ್ಗಿಸಿದ್ರೆ ತಳಕ್ಕೆ ಕೂತಿದ್ದ ಮಣ್ಣು ತಿರುಗಾ ಸೊಪ್ಪಿಗೇ ಬಂತು. ತಳದಲ್ಲಿ ಮರಳು ಕಾಣದ ತನಕ ನೀರು ಬದಲಾಯಿಸ್ತಾ ಹೋಗು. ಸಣ್ಣಗೆ ಹೆಚ್ಚಿ ಎರಡು ಹಿಡಿ ಹಾಕಿ, ತಟ್ಟೆ ಮುಚ್ಚದೆ ನಾಕೈದು ನಿಮಿಷ ಬೇಯಿಸು. ಮುಚ್ಚಿದ್ರೆ ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗ್ತದೆ. ಇಳಿಸೋ ಮುಂಚೆ ಅರ್ಧ ಚಮಚ ಮೆಣಸು ಜೀರಿಗೆ ಹುರಿದು ಕುಟ್ಟಿದ ಪುಡಿ, ಉಪ್ಪು. ಇಳಿಸಿದ ಮೇಲೆ ನಿಂಬೆಹಣ್ಣು. ಹುಳಿ ಇದ್ರೆ ಉಪ್ಪು ಕಮ್ಮಿ ಆಗಿರೋದು ನಾಲಿಗೆಗೆ ಗೊತ್ತಾಗಲ್ಲ. ನಮ್ಮ ಮನೇಲಿ ಇದು ಖಂಡಿತ ನಡೀತು.

ಮೈಸೂರಿನಿಂದ, ಡಯಟಿಷಿಯನ್ ಕೆಲಸ ಮಾಡುವವರು

ಮೇಲೆ ಬರೆದ ಅಕ್ಕನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ರಸಕ್ಕೂ ಮಾಂಸಕ್ಕೂ ಇರುವ ವ್ಯತ್ಯಾಸ ತುಂಬ ದೊಡ್ಡದು. ಬೆಂದ ಕೋಳಿ ಎದೆಮಾಂಸ 100 ಗ್ರಾಂ ತಿಂದರೆ ಸುಮಾರು 30 ಗ್ರಾಂ ಪ್ರೋಟೀನ್ ಸಿಗುತ್ತೆ, ತೊಡೆಯದ್ದಾದರೆ ಸ್ವಲ್ಪ ಕಡಿಮೆ. ಸೋಸಿದ ತಿಳಿ ರಸದ ಒಂದು ಲೋಟದಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ. ರಸ ಗಂಟಲಿಗೆ ಹಿತ, ನೀರಿನಂಶ ತುಂಬುತ್ತೆ, ಹಸಿವು ಕೆರಳಿಸುತ್ತೆ. ಕರಗಿದ ಮೈ ಮತ್ತೆ ಕಟ್ಟೋದಕ್ಕೆ ಮಾಂಸವೇ ಬೇಕು. ಅಗಿಯೋಕೆ ಆಗದಿದ್ದರೆ ಎಳೆ ಮಾಡಿದ ಮಾಂಸದ ಅರ್ಧ ಭಾಗವನ್ನ ರಸದ ಜೊತೆ ಮಿಕ್ಸಿಗೆ ಹಾಕಿ ಬೆರೆಸಿ, ಸೂಪು ಮಂದವಾಗುತ್ತೆ, ಕಾರ್ನ್‌ಫ್ಲೋರ್ ಬೇಡವೇ ಬೇಡ.

ಕೊಬ್ಬಿನ ವಿಷಯ. ರಸ ಆರಿಸಿ ಫ್ರಿಜ್‌ನಲ್ಲಿ ರಾತ್ರಿ ಇಟ್ಟರೆ ಕೊಬ್ಬು ಮೇಲೆ ಹೆಪ್ಪುಗಟ್ಟಿ ಪದರವಾಗುತ್ತೆ, ಬೆಳಿಗ್ಗೆ ಚಮಚದಲ್ಲಿ ಎತ್ತಿ ತೆಗೀಬಹುದು. ಒಂದು ಚಮಚದಷ್ಟು ಉಳಿಸಿ. ಸೊಪ್ಪಿನಲ್ಲಿರುವ, ವಿಟಮಿನ್ ಎ ಆಗುವ ಅಂಶ ಮೈಗೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಇರಲೇಬೇಕು. ನಿಂಬೆರಸದ ಸಿ ಜೀವಸತ್ವ ಸೊಪ್ಪಿನ ಕಬ್ಬಿಣಾಂಶ ಹೀರಿಕೊಳ್ಳೋಕೆ ಸಹಾಯ ಮಾಡುತ್ತೆ. ಕುದಿಯುವಾಗ ಹಿಂಡಿದರೆ ಅದು ನಷ್ಟವಾಗುತ್ತೆ, ಸೊಪ್ಪಿನ ಹಸಿರೂ ಮಂಕಾಗುತ್ತೆ. ಇಳಿಸಿದ ಮೇಲೇ ಹಿಂಡಿ.

ಇನ್ನು ಪಾಲಕ್. ಅದರಲ್ಲಿ ಆಕ್ಸಲೇಟ್ ಹೆಚ್ಚು. ಕಿಡ್ನಿಯಲ್ಲಿ ಕಲ್ಲು ಆದವರು ಮನೆಯಲ್ಲಿದ್ದರೆ ಬೇರೆ ಸೊಪ್ಪು ನೋಡಿ, ಇಲ್ಲವೇ ಒಂದು ನಿಮಿಷ ಬಿಸಿನೀರಿಗೆ ಹಾಕಿ ಆ ನೀರು ಚೆಲ್ಲಿ. ಹೃದಯದ ತೊಂದರೆಗೆ ವಾರ್ಫರಿನ್ ಥರದ ರಕ್ತ ತೆಳುಮಾಡುವ ಮಾತ್ರೆ ತಗೊಳ್ಳೋರು ಸೊಪ್ಪಿನ ಪ್ರಮಾಣವನ್ನ ಇದ್ದಕ್ಕಿದ್ದಂತೆ ಹೆಚ್ಚಿಸಬಾರದು, ಡಾಕ್ಟರ ಹತ್ತಿರ ಕೇಳಿಯೇ ಶುರು ಮಾಡಿ. ನಿಮ್ಮ ತಂದೆಗೆ ಅದು ಅನ್ವಯಿಸದೆ ಇರಬಹುದು, ಆದರೆ ಇದನ್ನ ಓದಿ ಮಾಡೋ ಬೇರೆಯವರಿಗೂ ತಿಳಿದಿರಲಿ. ಅಂಗಡಿಯ ಸೂಪ್ ಕ್ಯೂಬ್ ಹಾಕಬೇಡಿ. ಬಿಪಿ ಇರೋರಿಗೆ ಅದರಲ್ಲಿರುವಷ್ಟು ಉಪ್ಪು ಒಳ್ಳೇದಲ್ಲ.

ಮೈಸೂರು ಬೋಗಾದಿಯಿಂದ

ನಾನು ಆರು ವರ್ಷ ಗಲ್ಫ್‌ನಲ್ಲಿ ನರ್ಸ್ ಆಗಿದ್ದೆ. ನನ್ನ ರೂಮಿನಲ್ಲಿದ್ದವಳು ಫಿಲಿಪ್ಪೀನ್ಸ್‌ನವಳು. ನನಗೆ ಜ್ವರ ಬಂದಾಗ ಅವಳು ಮಾಡಿಕೊಟ್ಟ ಸೂಪಿನ ಹೆಸರು ಟಿನೋಲಾ. ಬಟ್ಟಲಲ್ಲಿ ನೋಡಿದ್ರೆ ನಮ್ಮ ನುಗ್ಗೆ ಸೊಪ್ಪು! ಅವರ ಭಾಷೆಯಲ್ಲಿ ಮಲುಂಗ್ಗಾಯ್ ಅಂತಾರೆ. ಬಾಣಂತಿಯರಿಗೆ ಹಾಲು ಬರಲಿ ಅಂತಲೂ ಅದನ್ನೇ ಕೊಡ್ತಾರೆ ಅಂದ್ಲು. ಪರದೇಶದಲ್ಲಿ ಊರಿನ ಸೊಪ್ಪಿನ ರುಚಿ ನಾಲಿಗೆಗೆ ತಾಕಿ ನನಗೆ ಕಣ್ಣಲ್ಲಿ ನೀರು ಬಂದಿತ್ತು.

ಅವಳ ಹತ್ತಿರ ಕಲಿತಿದ್ದು ಎರಡು. ಶುಂಠಿಯನ್ನ ನಾವು ಹಾಕೋದಕ್ಕಿಂತ ದುಪ್ಪಟ್ಟು ಹಾಕ್ತಾರೆ, ಉದ್ದುದ್ದ ಕಡ್ಡಿ ಮಾಡಿ, ಒಂದು ಚಮಚ ಎಣ್ಣೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಜೊತೆ ಘಮ್ಮನ್ನೋ ತನಕ ಬಾಡಿಸಿ, ಆಮೇಲೆ ಕೋಳಿ. ಈ ಶುಂಠಿಯಿಂದಲೇ ಆಸ್ಪತ್ರೆ ವಾಸನೆ ಅನ್ನೋ ಮಾತು ಬರಲ್ಲ. ಎರಡನೇದು, ಬರೀ ನೀರಿನ ಬದಲು ಅಕ್ಕಿ ತೊಳೆದ ನೀರು ಹಾಕೋದುಂಟು. ನಾವು ಹಸುವಿನ ಬಾನಿಗೆ ಸುರಿಯೋ ಅಕ್ಕಚ್ಚು! ಮೊದಲನೇ ತೊಳೆದ ನೀರು ಚೆಲ್ಲಿ ಎರಡನೇದು ಹಿಡಿದಿಟ್ಟುಕೊಳ್ಳಿ, ಸೂಪಿಗೆ ತೆಳ್ಳನೆ ಗಂಜಿಯ ಮೈ ಬರುತ್ತೆ. ತರಕಾರಿಗೆ ಅವರು ಹಸಿ ಪರಂಗಿಕಾಯಿ ಹಾಕ್ತಾರೆ, ಅದಿಲ್ಲದಿದ್ರೆ ಸೀಮೆಬದನೆ. ಬಾಣಂತಿಗೆ, ಬಸುರಿಗೆ ಮಾಡೋರು ಪರಂಗಿ ಅಂದ್ರೆ ನಮ್ಮ ಹಿರಿಯರು ಒಪ್ಪಲ್ಲ, ಹಾಗಾಗಿ ನಾನು ಮನೇಲಿ ಸೀಮೆಬದನೆಯನ್ನೇ ಹಾಕೋದು. ಅವರು ಉಪ್ಪಿನ ಬದಲು ಮೀನಿನ ಸಾಸ್ ಹಾಕ್ತಾರೆ, ತುಂಬ ಉಪ್ಪುಪ್ಪು, ಬಿಪಿಗೆ ಬೇಡ.

ನುಗ್ಗೆ ಸೊಪ್ಪಿನಲ್ಲಿ ಎಲೆ ಮಾತ್ರ ಬಿಡಿಸಿ, ಕಡ್ಡಿ ಒಂದೂ ಬರಬಾರದು. ಬೆಂದ ಮೇಲೂ ಗಂಟಲಿಗೆ ಚುಚ್ಚುತ್ತೆ. ಪೇಪರ್‌ನಲ್ಲಿ ಸುತ್ತಿ ರಾತ್ರಿ ಇಟ್ಟರೆ ಬೆಳಿಗ್ಗೆ ಒದರಿದ್ರೆ ಸಾಕು, ಎಲೆ ತಾನಾಗೇ ಉದುರುತ್ತೆ.

ಮದ್ದೂರು ಕಡೆಯಿಂದ

ನಾಟಿ ಕೋಳಿ ತರಬೇಕಾ ಅಂತ ಯಾರೂ ಕೇಳಿಲ್ಲ, ನಾನೇ ಹೇಳ್ತೀನಿ ತಂಗಿ. ರುಚಿಗೆ ನಾಟಿ ಕೋಳಿನೇ ಸೈ. ಸುಟ್ಟು ಅರಿಸಿನ ಹಚ್ಚಿದ ಹ್ಯಾಟೆ ಕೋಳಿ ಸಾರಿನ ಮುಂದೆ ಬೇರೆ ಯಾವುದೂ ನಿಲ್ಲಲ್ಲ. ಆದ್ರೆ ನಿಮ್ಮ ತಂದೆಗೆ ಈಗ ಬೇಡ. ಬಲಿತ ಕೋಳಿ ಬಾಡು ಗಟ್ಟಿ, ಜ್ವರದಿಂದ ಎದ್ದವರ ದವಡೆಗೆ ಕಷ್ಟ. ಮೊದಲ ಎರಡು ವಾರ ಫಾರಂ ಕೋಳಿನೇ ಇರಲಿ. ಅಂಗಡಿಯಲ್ಲಿ ಕಣ್ಣೆದುರಿಗೆ ಕಟ್ ಮಾಡಿಸಿ, ಸಣ್ಣ ಕೋಳಿ, ಒಂದೂವರೆ ಕೆಜಿ ಒಳಗಿಂದು ಕೇಳಿ. ಆಮೇಲೆ ನಾಟಿ ತಂದ್ರೆ ಕುಕ್ಕರ್‌ನಲ್ಲಿ ಆರು ಕೂಗು ಬೇಕೇಬೇಕು, ಅದಕ್ಕೆ ಕುಕ್ಕರ್ ಸರಿ. ಸೊಪ್ಪು ಮಾತ್ರ ಮುಚ್ಚಳ ತೆಗೆದ ಮೇಲೆ.

ಮೈಸೂರು ಹೆಬ್ಬಾಳಿನಿಂದ

ಉಳಿದ ಸೂಪಿನ ಬಗ್ಗೆ ಎರಡೇ ಮಾತು. ಬಿಸಿ ಬೋಸಿಯನ್ನ ರಾತ್ರಿಯೆಲ್ಲ ಒಲೆ ಮೇಲೆ ಬಿಡಬೇಡಿ, ಎರಡು ಗಂಟೆ ಒಳಗೆ ಫ್ರಿಜ್‌ಗೆ ಹೋಗಬೇಕು. ಸಣ್ಣ ಡಬ್ಬಿಗಳಿಗೆ ಹಂಚಿದ್ರೆ ಬೇಗ ತಣ್ಣಗಾಗುತ್ತೆ. ರಸ ಮತ್ತು ಬಾಡು ಮಾತ್ರ ಎತ್ತಿಡಿ, ಸೊಪ್ಪು ಹಾಕಿದ್ದನ್ನ ಎತ್ತಿಡಬೇಡಿ. ಮರುದಿನ ಒಂದು ಲೋಟಕ್ಕೆ ಬೇಕಾದಷ್ಟು ಚೆನ್ನಾಗಿ ಕುದಿಸಿ, ಆಗ ಹೊಸ ಸೊಪ್ಪು ಒಂದು ಹಿಡಿ. ನಮ್ಮತ್ತೆಗೆ ಮೂಳೆ ಮುರಿದಾಗ ನಾನು ಭಾನುವಾರ ರಸ ಮಾಡಿಟ್ಟು ಮಂಗಳವಾರದ ತನಕ ಹೀಗೇ ಕೊಡ್ತಿದ್ದೆ. ಸೋಮವಾರ ಬಾಡು ಮುಟ್ಟಲ್ಲ ಅನ್ನೋರಾದ್ರೆ ಅವತ್ತು ಹೆಸರುಬೇಳೆ ಕಟ್ಟಿಗೆ ಇದೇ ಸೊಪ್ಪು, ಇದೇ ಮೆಣಸು ಜೀರಿಗೆ.

ಕೇಳಿದವರು ಮತ್ತೆ, ನಾಲ್ಕು ದಿನದ ಮೇಲೆ

ಎಲ್ಲರಿಗೂ ಕೈ ಮುಗಿದು ಹೇಳ್ತೀನಿ, ತುಂಬ ಉಪಕಾರ ಆಯ್ತು. ಮೊನ್ನೆ ಬೆಳಿಗ್ಗೆ ದೇವರಾಜ ಮಾರುಕಟ್ಟೆಗೆ ಹೋಗಿ ನುಗ್ಗೆ ಸೊಪ್ಪು, ಒಂದು ಸೀಮೆಬದನೆ ತಂದೆ. ಮಂಡ್ಯದ ಅಮ್ಮ ಹೇಳಿದ ಹಾಗೆ ತಣ್ಣೀರಲ್ಲಿ ಶುರು ಮಾಡಿ, ಒಲೆ ಮುಂದೆ ನಿಂತು ನೊರೆ ತೆಗೆದೆ, ಒಂದು ಬಟ್ಟಲು ತುಂಬ ಬಂತು. ಶುಂಠಿ ಬೋಗಾದಿ ಅಕ್ಕನ ಲೆಕ್ಕದಲ್ಲಿ. ರಸ ತಿಳಿಯಾಗಿ ಹೊನ್ನಿನ ಬಣ್ಣಕ್ಕೆ ಬಂದಿತ್ತು, ಬೋಸಿಯ ತಳ ಕಾಣ್ತಿತ್ತು. ಬಾಡು ಅರ್ಧ ಎಳೆ ಎಳೆ, ಅರ್ಧ ಮಿಕ್ಸಿಗೆ. ಲೋಟದಲ್ಲಿ ಕೊಡದೆ ಬಟ್ಟಲಲ್ಲಿ ಚಮಚ ಇಟ್ಟು ಕೊಟ್ಟೆ.

ಅಪ್ಪಾಜಿ ಮೊದಲು ಮೂಸಿ ನೋಡಿದ್ರು. ಆಮೇಲೆ ಮಾತಾಡದೆ ಅರ್ಧ ಬಟ್ಟಲು ಮುಗಿಸಿ, 'ಇದಕ್ಕೆ ಒಂದು ಸಣ್ಣ ಮುದ್ದೆ ಇದ್ದಿದ್ರೆ' ಅಂದ್ರು. ಜ್ವರ ಬಂದಮೇಲೆ ಅವರಾಗೇ ಮುದ್ದೆ ಕೇಳಿದ್ದು ಇದೇ ಮೊದಲು. ನಿಂಬೆಹಣ್ಣಿನ ಗಾತ್ರದ್ದು ಒಂದು ಮೆತ್ತಗೆ ತಿರುವಿ ಕೊಟ್ಟೆ, ಪೂರ್ತಿ ತಿಂದ್ರು. ನಿನ್ನೆ ಕೀರೆ ಸೊಪ್ಪು ಹಾಕಿದ್ದೆ, ಅದು ನುಗ್ಗೆಯಷ್ಟು ಹಿಡಿಸಲಿಲ್ಲ. ಬೋಗಾದಿ ಅಕ್ಕ, ಅಕ್ಕಚ್ಚು ಇನ್ನೂ ಹಾಕಿ ನೋಡಿಲ್ಲ. ದಪ್ಪ ಅಕ್ಕಿಯದ್ದು ಒಳ್ಳೇದಾ, ಸೋನಾ ಮಸೂರಿಯದ್ದೂ ನಡೆಯುತ್ತಾ? ನಾಳೆ ಬೆಳಿಗ್ಗೆ ಮಾಡ್ಬೇಕು ಅಂತಿದ್ದೀನಿ.